ಕರಿಕೋಳಿಗೆ ಹೆಚ್ಚಾದ ಒಂದು ಕಕಾರ

ಕೋಯಮತ್ತೂರಿನ ಪಕ್ಕದ ತುಡಿಯಲೂರಿನ ಗೋವಿಂದಸಾಮಿ ಗೌಡರಿಗೆ ಲೋಕದ ಮೇಲಿದ್ದ ದೂರುಗಳಲ್ಲಿ ಮೊದಲನೆಯದು ಕೊಳ್ಳೇಗಾಲದ್ದು. ಅವರು ಸೋದರಮಾವನ ಮನೆಯಲ್ಲಿದ್ದುಕೊಂಡು ಅಲ್ಲಿನ ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಆ ಊರು ಕೋಯಮತ್ತೂರು ಜಿಲ್ಲೆಗೇ ಸೇರಿತ್ತು. ೧೯೫೬ನೆಯ ಇಸವಿ ನವೆಂಬರ್ ಒಂದನೆಯ ತಾರೀಕು, ಗುರುವಾರ, ಕೊಳ್ಳೇಗಾಲವು ಗೌಡರನ್ನು ಒಂದು ಮಾತು ಕೇಳದೆ ಮೈಸೂರು ರಾಜ್ಯಕ್ಕೆ ಹೊರಟುಹೋಯಿತು. ಅಲ್ಲಿ ಬೆತ್ತದ ಏಟಿನೊಡನೆ ಕಲಿತ ವ್ಯಾಕರಣವನ್ನು ತಲೆಯಲ್ಲಿಟ್ಟುಕೊಂಡು ಗೌಡರು ಇಲ್ಲಿಯೇ ಉಳಿದರು.

ಮನೆಯಲ್ಲಿ ಕನ್ನಡವೇನೋ ಇತ್ತು. ಆದರೆ ಅದೆಂಥ ಕನ್ನಡ! ಮಗ ಈಶ್ವರನ್ “ಬಸ್ಸು ಪೋಯಿಬಿಟ್ತು ಅಪ್ಪಾ” ಎನ್ನುವನು. ಸೊಸೆ ಪಂಕಜಂ “ಮಾಮಾ, ಸಾಪಾಡು ರೆಡಿ” ಎಂದು ಕೂಗುವಳು. ನಾಲ್ಕನೆಯ ತರಗತಿಯ ಮೊಮ್ಮಗಳು ಸಾಂತಿಯ ವಾಕ್ಯದಲ್ಲಿ ಮೊದಲ ಪದ ಕನ್ನಡ, ಕೊನೆಯ ಪದ ಕನ್ನಡ, ನಡುವೆ ಇರುವುದೆಲ್ಲ ತಮಿಳು. ಮನೆಯ ನಾಯಿ ಮಣಿಗಂತೂ ಕನ್ನಡದ ಗಂಧವೇ ಇರಲಿಲ್ಲ. ಗೌಡರು “ಕುಳಿತುಕೋ” ಎಂದು ಗಂಟಲು ಹರಿದುಕೊಂಡರೆ ಅದು ಬಾಲ ಅಲ್ಲಾಡಿಸುತ್ತ ನಿಂತೇ ಇರುವುದು; ಸಾಂತಿ ಮೆಲ್ಲಗೆ “ಉಕ್ಕಾರು” ಎಂದರೆ ತಕ್ಷಣ ಕೂರುವುದು.

೧೯೮೫ನೆಯ ಇಸವಿ ಮಾರ್ಚ್ ೨೨, ಶುಕ್ರವಾರ, ಯುಗಾದಿಯ ದಿನ, ಬೇವುಬೆಲ್ಲ ಹಂಚಿದ ಕೈಯಿಂದಲೇ ಗೌಡರು ಶಾಸನವೊಂದನ್ನು ಹೊರಡಿಸಿದರು. “ಈ ಬೇಲಿಯೊಳಗೆ ಇಂದಿನಿಂದ ಅಚ್ಚಗನ್ನಡವೇ ನಡೆಯತಕ್ಕದ್ದು. ತಮಿಳು ಮಾತು ಬಾಯಿಂದ ಬಿದ್ದರೆ, ಮಾತಿಗೊಂದು ಕೊಡದಂತೆ ನೀರು ತಂದು ನನ್ನ ಸೊಪ್ಪಿನ ಪಾತಿಗೆ ಹೊಯ್ಯತಕ್ಕದ್ದು.” (ಶಿಕ್ಷೆಯ ಫಲವು ನ್ಯಾಯಾಧೀಶರ ಸೊಪ್ಪಿಗೇ ಸಲ್ಲುವುದನ್ನು ಪಂಕಜಂ ಗಮನಿಸಿದಳು, ಹಬ್ಬದ ದಿನ ಬೇಡವೆಂದು ಸುಮ್ಮನಾದಳು.) ಅಂದು ಆರಂಭವಾದ ಸಂವತ್ಸರದ ಹೆಸರು ಕ್ರೋಧನ. ಹೆಸರಿನಲ್ಲೇ ಎಚ್ಚರಿಕೆ ಇತ್ತು. ಗೌಡರು ಅದರ ಸಂಧಿಯನ್ನು ನೋಡಿದರೇ ಹೊರತು ಅರ್ಥವನ್ನು ನೋಡಲಿಲ್ಲ.

ಶಾಸನವು ಮೊದಲು ತಗುಲಿದ್ದು ಒಂದು ಕೋಳಿಗೆ. ಪಂಕಜಂಳ ತಂದೆ, ಪಲ್ಲಡಂನಲ್ಲಿ ಕೋಳಿ ಫಾರಂ ಇಟ್ಟಿದ್ದ ಪಳನಿಸಾಮಿ, ಮೊಮ್ಮಗಳಿಗೆಂದು ಸಂತೆಯಿಂದ ಒಂದು ನಾಟಿಮರಿ ತಂದುಕೊಟ್ಟಿದ್ದರು. ಅದು ಬೆಳೆದು ಇದ್ದಿಲಿನಂತೆ ಕಪ್ಪಗೆ ಮಿಂಚುವ ಹೇಂಟೆಯಾಗಿತ್ತು. ಸಾಂತಿ ಅದನ್ನು ‘ಕರುಪ್ಪಿ’ ಎಂದು ಕರೆಯುತ್ತಿದ್ದಳು.

“ಕರುಪ್ಪಿ ತಮಿಳು” ಎಂದರು ಗೌಡರು. “ಇಂದಿನಿಂದ ಇವಳು ಕರಿಕೋಳಿ.”

“ಅದೂ ಒಂದು ಪೇರಾ ತಾತಾ?”

“ಪೇರು ಅಲ್ಲ, ಹೆಸರು. ಒಂದು ಕೊಡ. ಕರಿದು ಆದ ಕೋಳಿ ಕರಿಕೋಳಿ. ಕರ್ಮಧಾರಯ ಸಮಾಸ.”

“ಕರುಪ್ಪಿ ಅಂದ್ರೆ ಓಡಿ ಬರ್ತಾಳೆ. ಅವಳಿಗೆ ಸಮಾಸ ತೆರಿಯಾದು.”

“ತಿಳಿಯದು. ಎರಡು ಕೊಡ.”

ಸಾಂತಿ ಕೊಡ ಹೊತ್ತು ಹೊತ್ತು ಸೋತಳು. ಏಪ್ರಿಲ್ ಮುಗಿಯುವ ಹೊತ್ತಿಗೆ ಕೋಳಿ ಕರಿಕೋಳಿಯಾಯಿತು. ಅಷ್ಟೇ ಅಲ್ಲ, ತಾತನ ಹಿಂದೆ ಅಡ್ಡಾಡುತ್ತ ಮಗು ಮಳೆಗಾಲ, ಕಂಬನಿ ಎಂಬ ಆದೇಶ ಸಂಧಿಗಳನ್ನೂ ಬಿಡಿಸಲು ಕಲಿತಳು. “ಕಣ್ ಪ್ಲಸ್ ಪನಿ, ಕಂಬನಿ! ಪ ಹೋಗಿ ಬ ಬಂತು!” ಎಂದು ಅವಳು ಕೋಳಿಗೆ ಪಾಠ ಹೇಳುವುದನ್ನು ಕೇಳಿ ಗೌಡರಿಗೆ ಕೊಳ್ಳೇಗಾಲವೇ ಹಿತ್ತಲಿಗೆ ಮರಳಿ ಬಂದಂತಾಗುತ್ತಿತ್ತು. ಮನೆಯಲ್ಲಿ ಅವರ ಮಾತನ್ನು ಮುಗಿಯುವವರೆಗೂ ಕೇಳುವ ಜೀವ ಆ ಮಗುವೊಂದೇ.

ಕೋಳಿಗೂ ಗೌಡರಿಗೂ ಮಾತ್ರ ಬಹಿರಂಗ ಯುದ್ಧ ನಡೆದಿತ್ತು. ದಂಡದ ನೀರು ಕುಡಿದು ಕೊಬ್ಬಿದ ಸೊಪ್ಪಿನ ಪಾತಿಯನ್ನು ಅದು ದಿನಾ ಬೆಳಿಗ್ಗೆ ಕಾಲಿನಿಂದ ಕೆದರಿ ಗದ್ದೆ ಉತ್ತಂತೆ ಮಾಡುತ್ತಿತ್ತು. ಜೂನ್ ೧೩, ಗುರುವಾರ, ಗೌಡರು ಕೋಲು ಹಿಡಿದು ಅದರ ಹಿಂದೆ ಓಡಿ, ಪಂಚೆ ಬೇಲಿಯ ಮುಳ್ಳಿಗೆ ಸಿಕ್ಕಿ ನಿಂತು, ಬೀದಿಗೆಲ್ಲ ಕೇಳುವಂತೆ ಘೋಷಿಸಿದರು: “ನೋಡುತ್ತಿರು, ಒಂದು ದಿನ ನಿನ್ನನ್ನು ಸಾರಿಗೆ ಹಾಕಿಸುತ್ತೇನೆ!” ಅಚ್ಚಗನ್ನಡದಲ್ಲಿ ಹೇಳಿದ್ದರಿಂದ ಮನೆಯವರೆಲ್ಲರಿಗೂ ನೆನಪು ಉಳಿಯಿತು.

ಮನೆಯವರಿಗೆ ತಿಳಿಯದಿದ್ದ ಸಂಗತಿ ಬೇರೆ. ಮಧ್ಯಾಹ್ನ ಎಲ್ಲರೂ ಒಳಗೆ ಮಲಗಿದ ಮೇಲೆ ಗೌಡರು ಹಿತ್ತಲಿನಲ್ಲಿ ಈಸಿಚೇರು ಹಾಕಿಕೊಳ್ಳುವರು. ಕರಿಕೋಳಿ ಬಂದು ಅವರ ಚಪ್ಪಲಿಯ ಪಕ್ಕದ ಬಿಸಿಲಿನಲ್ಲಿ ರೆಕ್ಕೆ ಹರಡಿ ಕೂರುವುದು. ಗೌಡರು ಅತ್ತಿತ್ತ ನೋಡಿ, ಟವೆಲಿನ ತುದಿಯಲ್ಲಿ ಕಟ್ಟಿ ತಂದ ನುಚ್ಚಕ್ಕಿಯನ್ನು ಉದುರಿಸುವರು. (ಹೆಂಡತಿ ತೀರಿಕೊಂಡ ಮೇಲೆ ಅವರು ಯಾರಿಗಾದರೂ ಕೈಯಾರೆ ಬಡಿಸಿದ್ದು ಇದೇ ಮೊದಲು.)

ಹೀಗಿರಲು ಜೂನ್ ೧೬, ಭಾನುವಾರ, ಪಲ್ಲಡಂನ ಬೀಗರು ಊಟಕ್ಕೆ ಬರುವುದೆಂದು ನಿಶ್ಚಯವಾಯಿತು. ಈಶ್ವರನ್ ಮಗಳನ್ನು ಕರೆದುಕೊಂಡು ಅವರನ್ನು ಎದುರುಗೊಳ್ಳಲು ಬಸ್ ನಿಲ್ದಾಣಕ್ಕೆ ಹೋದನು. ಅಡುಗೆಮನೆಯಿಂದ ಪಂಕಜಂ ಕೂಗಿದಳು:

“ಮಾಮಾ, ಅಡುಗೆಗೆ ಮುತ್ತಮ್ಮಾಳ್ ಅಂತ ಹೊಸಬಳು ಬರ್ತಾಳೆ. ಆ ಕೆಂಪು ಸೇವಲ್‌ನ ಹಿಡೀಲಿಕ್ಕೆ ಹೇಳಿ.”

“ಸೇವಲ್ ಅಲ್ಲ, ಹುಂಜ. ಒಂದು ಕೊಡ.”

“ಮಸಾಲೆ ಅರೆಯೋವಾಗಲೂ ಕೊಡಾನಾ ಮಾಮಾ? ಸಂಜೆ ಹೊಯ್ತೀನಿ, ಬರೆದಿಟ್ಟುಕೊಳ್ಳಿ!”

ಹುಂಜವನ್ನು ಅಟ್ಟುವ ಗದ್ದಲದಲ್ಲಿ ಪರಸ್ಥಳದ ಹೆಂಗಸು ಕರಿಕೋಳಿಗೆ ಕೈಹಾಕಿಬಿಟ್ಟರೆ? ಗೌಡರು ಮೊದಲೇ ಹಿತ್ತಲಿಗೆ ಹೋಗಿ, ನುಚ್ಚಕ್ಕಿ ತೋರಿಸಿ ಕರೆದು, ಅದನ್ನು ಎತ್ತಿ ಬಿದಿರಿನ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದರು. ಬುಟ್ಟಿ ಜಾರದಂತೆ ಮೇಲೊಂದು ಕಲ್ಲನ್ನೂ ಇಟ್ಟರು. ಇಷ್ಟು ಮುಂದಾಲೋಚನೆಯನ್ನು ಅವರು ಮಗನ ಮದುವೆಯಲ್ಲೂ ಮಾಡಿರಲಿಲ್ಲ.

ಮುತ್ತಮ್ಮಾಳ್ ಬಂದಳು. ಕನ್ನಡದವರ ಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗೌಡರಿಗೆ ತಮಿಳು ನೀರಿನಂತೆ ಬರುತ್ತಿತ್ತು; ಆದರೆ ಬೇಲಿಯೊಳಗೆ ತಾವೇ ಶಾಸನ ಮುರಿಯುವುದುಂಟೇ? ಕೈಸನ್ನೆಯೊಡನೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು:

“ಹುಂಜ ಹಿಡಿ. ಈ ಬುಟ್ಟಿಯೊಳಗಿರುವುದು ಕರಿಕೋಳಿ. ಜ್ಞಾಪಕವಿರಲಿ. ಕರಿಕೋಳಿ!”

ಹುಂಜ ಎಂಬ ಪದವನ್ನು ಮುತ್ತಮ್ಮಾಳ್ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕೊನೆಯ ಪದವನ್ನು ಮಾತ್ರ ಚೆನ್ನಾಗಿ ಕೇಳಿದ್ದಳು. ಅವಳ ಮುಖ ಅರಳಿತು. ಬುಟ್ಟಿಯತ್ತ ಬೆರಳು ತೋರಿಸಿ, “ಕರಿಕ್ಕೋಳಿ! ಸರೀಂಗ ಗೌಂಡರೇ” ಎಂದಳು.

ಗೌಡರ ಕಿವಿಗೆ ಅಲ್ಲಿ ಏನೋ ಚುಚ್ಚಿತು. “ಕರಿಕ್ಕೋಳಿ ಅಲ್ಲಮ್ಮಾ, ಕರಿಕೋಳಿ. ಕಕಾರಕ್ಕೆ ಒತ್ತು ಇಲ್ಲ” ಎಂದು ತಿದ್ದಿದರು. ಅವಳು ಮತ್ತೆ “ಸರೀಂಗ” ಎಂದಳು. ಉಚ್ಚಾರದೋಷವನ್ನು ಸರಿಪಡಿಸಿದ ತೃಪ್ತಿಯಲ್ಲಿ ಗೌಡರು ಒಳಗೆ ಹೋಗಿ, ಬೀಗರ ಸಲುವಾಗಿ ಇಸ್ತ್ರಿಯ ಅಂಗಿ ತೊಟ್ಟುಕೊಂಡರು.

ಊಟ ಭರ್ಜರಿಯಾಗಿತ್ತು. ಬಾಳೆಯೆಲೆಯ ಮೇಲೆ ಬಿಸಿ ಅನ್ನ, ಅದರ ಮೇಲೆ ಕೊಬ್ಬರಿ ಅರೆದ ಕೋಳಿಸಾರು. ಗೌಡರು ಎರಡನೆಯ ಸಲ ಬಡಿಸಿಕೊಂಡು, “ಹುಂಜವಾದರೂ ಎಷ್ಟು ಮೃದುವಾಗಿದೆ!” ಎಂದು ಕೊಂಡಾಡಿದರು.

ಕೋಳಿಗಳ ನಡುವೆಯೇ ಬಾಳಿದ ಪಳನಿಸಾಮಿ ಮೂಳೆಯೊಂದನ್ನು ಎತ್ತಿ ನೋಡಿದರು. “ಸಂಬಂದೀ, ಇದು ಹುಂಜ ಇಲ್ಲ. ಪೆಟ್ಟೆ.”

“ಪೆಟ್ಟೆ ಅಲ್ಲ ಬೀಗರೇ, ಹೇಂಟೆ ಅನ್ನಬೇಕು” ಎಂದರು ಗೌಡರು ನಗುತ್ತ. “ತಾವು ಅತಿಥಿಗಳು, ತಮಗೆ ಕೊಡ ಹೊರುವ ಶಿಕ್ಷೆ ಇಲ್ಲ.” ಪದವನ್ನು ತಿದ್ದಿ ತುತ್ತನ್ನು ನುಂಗಿದರು. ಮಾತಿನ ಅರ್ಥವಿನ್ನೂ ಗಂಟಲಿನಿಂದ ಮೇಲಕ್ಕೆ ಹೋಗಿರಲಿಲ್ಲ.

ಆಗ ಹಿತ್ತಲಿನ ಗೋಡೆಯ ಮೇಲಿಂದ ಕೆಂಪು ಹುಂಜ ಕೂಗಿತು.

ಬಹಳ ಸ್ಪಷ್ಟವಾಗಿ, ಕತ್ತೆತ್ತಿ, ಪೂರ್ಣ ಆರೋಗ್ಯದಿಂದ ಕೂಗಿತು. ಪಂಕಜಂಳ ಕೈಯ ಸೌಟು ನಿಂತಿತು. ಅದೇ ಹೊತ್ತಿಗೆ ಮಣಿ ಬಾಲ ಅಲ್ಲಾಡಿಸುತ್ತ ಒಳಗೆ ಬಂದು, ಬಾಯಲ್ಲಿದ್ದ ಕಪ್ಪು ರೆಕ್ಕೆಯೊಂದನ್ನು ಸಾಂತಿಯ ಎಲೆಯ ಪಕ್ಕದಲ್ಲಿಟ್ಟು, ಯಾರೂ ಹೇಳದೆಯೇ ಕುಳಿತುಕೊಂಡಿತು.

ಸಾಂತಿ ರೆಕ್ಕೆಯನ್ನು ನೋಡಿದಳು. ಎಲೆಯನ್ನು ನೋಡಿದಳು. ಬಳಿಕ ತಾತನನ್ನು ನೋಡಿದಳು.

“ಮಾಮಾ!” ಎಂದಳು ಪಂಕಜಂ. “ಸಾರಿಗೆ ಹಾಕಿಸ್ತೀನಿ ಅಂತ ಕೂಗಿದಾಗ ಕೋಪಕ್ಕೆ ಅಂದಿರಿ ಅಂದ್ಕೊಂಡೆ. ಎರಡು ದಂಟು ಕೀರೆಗಾಗಿ ಮಗು ಸಾಕಿದ್ದನ್ನ ಹಿಂಗಾ ಮಾಡೋದು?”

“ನಾನಲ್ಲ! ನಾನು ಅದನ್ನು ಬುಟ್ಟಿಯಲ್ಲಿಟ್ಟು ಕಾಪಾಡಿದೆ!”

“ಕಲ್ಲು ಬೇರೆ ಇಟ್ಟಿದ್ದಿರಲ್ಲ ಅಪ್ಪಾ, ಓಡದ ಹಾಗೆ” ಎಂದನು ಈಶ್ವರನ್, ಹಿತ್ತಲಿನ ಬುಟ್ಟಿಯತ್ತ ನೋಡಿ.

ಮುತ್ತಮ್ಮಾಳ್ ಅಡುಗೆಮನೆಯ ಬಾಗಿಲಿಗೆ ಬಂದು ಗಾಬರಿಯಿಂದ ಕೈಮುಗಿದಳು. “ನೀಂಗ ತಾನುಂಗಳೇ ಸೊನ್ನೀಂಗ, ಕೂಡೆಯಿಲೆ ಇರುಕ್ಕರದು ಕರಿಕ್ಕೋಳೀನ್ನು?” ಬುಟ್ಟಿಯಲ್ಲಿರುವುದು ಕರಿಕ್ಕೋಳಿಯೆಂದು ಹೇಳಿದವರು ತಾವೇ ಅಲ್ಲವೇ ಎಂಬುದು ಅವಳ ಪ್ರಶ್ನೆ. ತಮಿಳಿನಲ್ಲಿ ಕರಿ ಎಂದರೆ ಮಾಂಸ. ಕರಿಕ್ಕೋಳಿ ಎಂದರೆ ಕೊಯ್ದು ತಿನ್ನಲೆಂದು ಇಟ್ಟ ಕೋಳಿ. ಗೌಡರು ಅದನ್ನು ಒಮ್ಮೆಯಲ್ಲ, ಎರಡು ಸಲ, ಕೈಸನ್ನೆ ಮಾಡಿ, ಜ್ಞಾಪಕವಿರಲಿ ಎಂದೂ ಸೇರಿಸಿ ಹೇಳಿದ್ದರು.

ಗೌಡರಿಗೆ ಎಲ್ಲವೂ ಅರ್ಥವಾಯಿತು. ಹಿತ್ತಲಿನಲ್ಲಿ ಕರ್ಮಧಾರಯವಾಗಿದ್ದದ್ದು ಅಡುಗೆಮನೆಯಲ್ಲಿ ತತ್ಪುರುಷವಾಗಿತ್ತು. ಕರ್ಮ ಮಾತ್ರ ಅವರ ಪಾಲಿಗೆ ಉಳಿದಿತ್ತು. ಹೆಚ್ಚಾದ ಆ ಒಂದು ಕಕಾರ ಕಿವಿಗೆ ಬಿದ್ದಾಗ ಅದನ್ನು ತಿದ್ದುವ ಬದಲು ವಿಚಾರಿಸಿದ್ದರೆ ಸಾಕಿತ್ತು. ಇನ್ನೂ ಕ್ರೂರವಾದದ್ದೆಂದರೆ, ಮಗುವಿಗೆ ತಾವೇ ಕಲಿಸಿದ ಆದೇಶ ಸಂಧಿಯನ್ನು ತಾವೇ ಅನುಸರಿಸಿ ‘ಕರಿಗೋಳಿ’ ಎಂದಿದ್ದರೂ ಅದು ಬದುಕುತ್ತಿತ್ತು. ಕೊಲೆಯ ಆರೋಪದಿಂದ ಬಿಡಿಸಿಕೊಳ್ಳಬೇಕಾದರೆ ತಮ್ಮ ಕನ್ನಡವೇ ಅಪರಾಧಿಯೆಂದು ಸಾಕ್ಷಿ ಹೇಳಬೇಕಿತ್ತು. ಗೌಡರು ಎಲೆಯ ಮುಂದೆ ತಲೆ ತಗ್ಗಿಸಿ ಹೇಳಿದರು. ಕರಿ ಎಂಬ ಪದದ ಎರಡು ಅರ್ಥಗಳನ್ನೂ, ಯಾರೂ ನಂಬದ ನುಚ್ಚಕ್ಕಿಯ ವಿಷಯವನ್ನೂ ಹೇಳಿದರು.

ಸಾಂತಿ ಪೂರ್ತಿ ಕೇಳಿದಳು. ಅವಳ ಕಣ್ಣಿನಲ್ಲಿ ಪ ಹೋಗಿ ಬ ಬಂದಿತ್ತು.

“ಕರುಪ್ಪಿ ಅಂತಲೇ ಬಿಟ್ಟಿದ್ದರೆ ಬದುಕಿರುತ್ತಿದ್ದಳು ತಾತಾ” ಎಂದು ಹೇಳಿ ಎದ್ದುಹೋದಳು. ಆ ಹೆಸರೊಂದನ್ನು ಬಿಟ್ಟರೆ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ.

ಅಂದಿನಿಂದ ಅವಳು ತಾತನೊಡನೆ ಕನ್ನಡವನ್ನೂ ಆಡಲಿಲ್ಲ, ತಮಿಳನ್ನೂ ಆಡಲಿಲ್ಲ. ಮನೆಯವರೆಲ್ಲ ಧಾರಾಳವಾಗಿ ತಮಿಳು ಬೆರೆಸಿದರು. ನೀರಿನ ಕೊಡದ ಮಾತನ್ನು ಗೌಡರು ಎತ್ತಲಿಲ್ಲ. ಸೊಪ್ಪಿನ ಪಾತಿ ಯಾರ ಉಪದ್ರವವೂ ಇಲ್ಲದೆ ಮೊಣಕಾಲೆತ್ತರ ಬೆಳೆಯಿತು. ಅವರು ತಿಂಗಳುಗಟ್ಟಲೆ ಬಯಸಿದ್ದು ಇದನ್ನೇ. ಪಂಕಜಂ ಅದನ್ನು ಕೊಯ್ದು ಪಲ್ಯ ಮಾಡಿ ಬಡಿಸಿದರೆ, ಗೌಡರ ಕೈ ಅನ್ನದಲ್ಲೇ ತಿರುಗುತ್ತಿತ್ತು. ಮಧ್ಯಾಹ್ನ ಈಸಿಚೇರಿನಲ್ಲಿ ಕುಳಿತಾಗ ಟವೆಲಿನ ತುದಿಯ ಗಂಟು ಹಾಗೆಯೇ ಇರುತ್ತಿತ್ತು. ಅದನ್ನು ಬಿಚ್ಚುವ ಮನಸ್ಸೂ ಬರಲಿಲ್ಲ, ಒಗೆಯಲು ಹಾಕುವ ಮನಸ್ಸೂ ಬರಲಿಲ್ಲ.

ಜೂನ್ ೩೦, ಭಾನುವಾರ, ಬೆಳಿಗ್ಗೆ ಮುತ್ತಮ್ಮಾಳ್ ತಾನಾಗಿಯೇ ಬಂದಳು. ಸೆರಗಿನೊಳಗಿಂದ ಬೆಳ್ಳಗಿನ ಎಳೆಯ ಹೇಂಟೆಯೊಂದನ್ನು ತೆಗೆದು ಸಾಂತಿಯ ಕೈಗಿಟ್ಟಳು. ಮಗು ಅದನ್ನು ಎದೆಗೆ ಒತ್ತಿಕೊಂಡಿತು; ತಾತನತ್ತ ಮಾತ್ರ ತಿರುಗಲಿಲ್ಲ. ಸುಮ್ಮನಿರಬೇಕೆಂದೇ ಗೌಡರು ನಿಶ್ಚಯಿಸಿದ್ದರು. ಆದರೆ ಕೊಳ್ಳೇಗಾಲದ ಬೆತ್ತದ ಅಭ್ಯಾಸ ಸುಲಭಕ್ಕೆ ಬಿಡುವಂಥದ್ದಲ್ಲ.

“ಒಳ್ಳೆಯದಾಯಿತು, ಬಿಳಿಕೋಳಿ…” ಎಂದು ಬಾಯಿ ತೆರೆದರು.

ಮುತ್ತಮ್ಮಾಳ್ ಬೆಚ್ಚಿದಳು. “ಬಲಿಕ್ಕೋಳಿಯಾ? ಎಂದ ಕೋಯಿಲುಕ್ಕುಂಗ?” ಬಲಿಗೋ, ಯಾವ ದೇವಸ್ಥಾನಕ್ಕೆ ಎಂದು ಅವಳು ಕೇಳುತ್ತಿದ್ದಂತೆಯೇ ಸಾಂತಿ ಕೋಳಿಯನ್ನು ಲಂಗದೊಳಗೆ ಅಡಗಿಸಿ ಎರಡು ಹೆಜ್ಜೆ ಹಿಂದೆ ಸರಿದಳು.

ಗೌಡರು ಬೇಲಿಯನ್ನು ನೋಡಿದರು, ಪಾತಿಯನ್ನು ನೋಡಿದರು. ಹಿಂದೆ ಸರಿದ ಆ ಎರಡು ಹೆಜ್ಜೆಗಳನ್ನೂ ನೋಡಿದರು. ಆಮೇಲೆ, ಕ್ರೋಧನ ಸಂವತ್ಸರ ಹುಟ್ಟಿದಂದಿನಿಂದ ಆ ಹಿತ್ತಲಿನಲ್ಲಿ ಅವರು ಆಡದಿದ್ದ ತಮಿಳನ್ನು ಆಡಿದರು.

“ವೆಳ್ಳಚ್ಚಿ” ಎಂದರು ಮೆಲ್ಲಗೆ, ಕೈನೀಡಿ. “ವಾ.”

ಸಾಂತಿ ಕೋಳಿಯನ್ನು ಕೆಳಗೆ ಬಿಟ್ಟಳು. ಬಚ್ಚಲಿನ ಬಳಿಗೆ ಹೋಗಿ, ಬರಿಯ ಕೊಡವನ್ನು ಎತ್ತಿ ತಂದು, ತಾತನ ಪಾದದ ಬಳಿ ಟಣ್ಣೆಂದು ಇಟ್ಟಳು.

“ಎರಡು ಮಾತು ತಾತಾ. ಎರಡು ಕೊಡ.”

ಗೌಡರು ಪಂಚೆ ಎತ್ತಿಕಟ್ಟಿ ನೀರು ಹೊತ್ತರು. ಸೊಂಟ ಹಿಡಿಯಿತು, ಹಿಡಿಯಲಿ ಎಂದುಕೊಂಡರು. ಎರಡನೆಯ ಕೊಡ ಬರಿದಾಗುವ ಹೊತ್ತಿಗೆ ವೆಳ್ಳಚ್ಚಿ ಒದ್ದೆ ಪಾತಿಗೆ ಇಳಿದು, ಎಳೆಯ ಕಾಲುಗಳಿಂದ ಸೊಪ್ಪಿನ ಬುಡವನ್ನು ಕೆದರತೊಡಗಿತು. ಗೌಡರ ಕೈ ತಾನಾಗಿ ಮೇಲೆದ್ದಿತು. ‘ಉಶ್’ ಎನ್ನುವುದು ಕನ್ನಡವೋ ತಮಿಳೋ ಎಂಬುದು ನಿಶ್ಚಯವಾಗದೆ, ಎತ್ತಿದ ಕೈಯನ್ನು ಹಾಗೆಯೇ ಇಳಿಸಿ, ಟವೆಲಿನ ಗಂಟನ್ನು ಬಿಚ್ಚಿದರು.