ಕ್ಯಾಪ್ಟನ್ ಓದಲು ಕೂತಿದ್ದಾರೆ

ಆಕಾಶಕ್ಕೆ ಬೇಲಿ ಇಲ್ಲ ಎಂದು ನಂಬಿದ್ದವರು ನಮ್ಮ ಕ್ಯಾಪ್ಟನ್. ಪರದೇಶದ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ವಿಮಾನ ಹಾರಿಸಿ, ಮೀಸೆ ನರೆಯುವ ಹೊತ್ತಿಗೆ ಹೆಂಡತಿಯ ದೇಶಕ್ಕೆ ಬಂದು ನೆಲೆಸಿದಾಗ ಗೊತ್ತಾಯಿತು: ಬೇಲಿ ಇದೆ, ಅದೂ ಮುಳ್ಳುಬೇಲಿ. ಅವರ ಹಳೆಯ ಲೈಸೆನ್ಸ್ ಇಲ್ಲಿ ನಡೆಯದು. ಬದಲಾಯಿಸಿ ಕೊಡುತ್ತೇವೆ, ಆದರೆ ಥಿಯರಿ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಬರೆಯಬೇಕು ಎಂದರು ವಿಮಾನಯಾನ ಕಚೇರಿಯವರು. ಪಾಠ ಹೇಳುವವರು ಯಾರೂ ಇಲ್ಲ. ಪುಸ್ತಕ ತಾವೇ ಕೊಳ್ಳಬೇಕು, ತಾವೇ ಓದಬೇಕು, ತಾವೇ ಬಂದು ಬರೆಯಬೇಕು. ಅತ್ತ ಒಂದು ಸಣ್ಣ ಕಂಪನಿ ಕ್ಯಾಪ್ಟನ್ ಕುರ್ಚಿಯನ್ನು ಇವರಿಗಾಗಿ ಕಾದಿರಿಸಿತ್ತು. ಬೇಸಿಗೆಯ ಹೊಸ ವಿಮಾನ ಸಂಚಾರ ಶುರುವಾಗುವುದರೊಳಗೆ ಲೈಸೆನ್ಸ್ ಕೈಗೆ ಬರದಿದ್ದರೆ ಆ ಕುರ್ಚಿ ಇನ್ನೊಬ್ಬರ ಪಾಲು.

"ಮೋಡ ಅಲ್ಲೂ ಮೋಡಾನೇ, ಇಲ್ಲೂ ಮೋಡಾನೇ. ಎಡಗೈಲಿ ಬರೆದು ಬಿಸಾಕಿ ಬರ್ತೀನಿ," ಎಂದರು ಕ್ಯಾಪ್ಟನ್.

ಹೆಂಡತಿ ಹೈಸ್ಕೂಲಿನ ಗಣಿತದ ಟೀಚರ್. ಎಡಗೈಯಲ್ಲಿ ಬರೆದು ಬಿಸಾಕುವ ವೀರರು ಅವರ ತರಗತಿಯಲ್ಲೂ ಬೇಕಾದಷ್ಟಿದ್ದರು. "ಬಲಗೈಲೇ ಬರೀರಿ," ಎಂದರು ಆಕೆ. "ಅಕ್ಷರ ಅರ್ಥವಾದ್ರೆ ಅಷ್ಟಾದ್ರೂ ಮಾರ್ಕ್ಸ್ ಬರುತ್ತೆ."

ಮೊದಲ ಪೇಪರು ವಾಯುಯಾನದ ಕಾನೂನು. ಕ್ಯಾಪ್ಟನ್ ಪುಸ್ತಕವನ್ನು ಮೂಸಿ ನೋಡಿ ಪರೀಕ್ಷೆಗೆ ಹೋದರು. ಹಳೆಯ ದೇಶದ ಕಾನೂನನ್ನು ಹೊಸ ದೇಶದ ಪ್ರಶ್ನೆಗಳಿಗೆ ಧಾರಾಳವಾಗಿ ಬಡಿಸಿದರು. ನಾಲ್ಕೈದು ಪ್ರಶ್ನೆಗಳೇ ತಪ್ಪು ಎಂದು ಮೇಲ್ವಿಚಾರಕನಿಗೆ ತಿಳಿಹೇಳಿಯೂ ಬಂದರು. ಪ್ರಶ್ನೆಗಳೆಲ್ಲ ಸರಿ ಇದ್ದವೆಂದೂ, ತಪ್ಪು ಬೇರೆಡೆ ಇತ್ತೆಂದೂ ಫಲಿತಾಂಶ ಬಂದಾಗ ತಿಳಿಯಿತು. ಸಾವಿರಾರು ಗಂಟೆ ನೆಲಕ್ಕೆ ತಾಗದೆ ಹಾರಿದವರು ಒಂದೇ ಪೇಪರಿಗೆ ನೆಲ ಕಚ್ಚಿದ್ದರು.

ಮನೆಯಲ್ಲಿ ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ಉರಿಯಿತು. ಜೊತೆಯಲ್ಲೇ ಇದ್ದ ಮಾವ, ಅಂದರೆ ಹೆಂಡತಿಯ ತಂದೆ, ನಿವೃತ್ತ ರೈಲು ಡ್ರೈವರು. ಅಳಿಯನ ಬಾಡಿದ ಮುಖ ನೋಡಲಾರದೆ ಸಮಾಧಾನ ಹೇಳಿದರು: ತಮ್ಮಲ್ಲೂ ಹಾಗೇ, ಎಂಜಿನ್ ಅದೇ ಇದ್ದರೂ ದಾರಿ ಹೊಸದಾದರೆ ಮತ್ತೆ ಕಲಿಯಲೇಬೇಕು. ಹಳಿಯ ಮೇಲೆ ಓಡುವ ಗಾಡಿಯನ್ನು ವಿಮಾನದ ಪಕ್ಕ ನಿಲ್ಲಿಸಿದ್ದು ಕ್ಯಾಪ್ಟನ್ನರಿಗೆ ಫೇಲಾದದ್ದಕ್ಕಿಂತ ದೊಡ್ಡ ಗಾಯವಾಯಿತು.

ಮರುದಿನವೇ ಘೋರ ಪ್ರತಿಜ್ಞೆ ಹೊರಟಿತು. ಇನ್ನು ಮುಂದೆ ಮನೆಯ ಸಾಮಾನಿನ ಕೋಣೆಯೇ ಅಧ್ಯಯನ ಪೀಠ. ಅದು ಎಷ್ಟು ಚಿಕ್ಕದೆಂದರೆ ಕುರ್ಚಿಯಲ್ಲಿ ಕೂತೇ ಬಾಗಿಲನ್ನೂ ಮುಟ್ಟಬಹುದು, ಎದುರುಗೋಡೆಯನ್ನೂ ಮುಟ್ಟಬಹುದು. ಗೋಡೆಯ ಮೇಲೆ ಮನೆಗೆಲ್ಲ ನೀರು ಬರುವ ಪೈಪು, ಅದರ ದೊಡ್ಡ ನಲ್ಲಿ. ಕಾಕ್‌ಪಿಟ್ ಇದ್ದ ಹಾಗೇ ಇದೆ ಎಂದು ಕ್ಯಾಪ್ಟನ್ ಮೆಚ್ಚಿಕೊಂಡರು. ಆಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಕಾನೂನು ಓದಿದರು. ವಿಮಾನ ಏರುವಾಗ, ಇಳಿಯುವಾಗ ಕಾಕ್‌ಪಿಟ್‌ನಲ್ಲಿ ಅನಗತ್ಯ ಮಾತು ನಿಷಿದ್ಧ. ಇಲ್ಲಿಯೂ ಅಷ್ಟೆ. ಬಾಗಿಲ ಹಿಡಿಗೆ ಕೆಂಪು ಟವೆಲ್ ನೇತಾಡುತ್ತಿದ್ದರೆ ಯಾರೂ ಬಾಗಿಲು ತೆಗೆಯಕೂಡದು, ತಟ್ಟಕೂಡದು, ಕೂಗಕೂಡದು.

"ಮನೆಗೆ ಬೆಂಕಿ ಬಿದ್ರೆ?" ಎಂದು ಹೆಂಡತಿ ಕೇಳಿದರು.

"ಬೆಂಕಿ ಬಿದ್ರೆ ಹೇಳಿ. ಬೇರೆ ಏನಕ್ಕೂ ಬೇಡ."

ಮಾವ ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ಕೆಂಪಿನ ವಿಷಯದಲ್ಲಿ ಅವರಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಇಡೀ ಸರ್ವೀಸಿನಲ್ಲಿ ಒಂದೇ ಒಂದು ಕೆಂಪು ಸಿಗ್ನಲ್ ದಾಟಿದವರಲ್ಲ ಅವರು.

ಇಷ್ಟಾದರೂ ಒಂದು ಶತ್ರು ಉಳಿದಿತ್ತು, ಬಟ್ಟೆ ಒಗೆಯುವ ಮೆಷಿನ್ನು. ಬಟ್ಟೆ ಹಿಂಡುವಾಗ ಅದು ಹಾಕುತ್ತಿದ್ದ ಕುಣಿತಕ್ಕೆ ಸಾಮಾನಿನ ಕೋಣೆಯ ಗೋಡೆ ನಡುಗುತ್ತಿತ್ತು. 'ಮನುಷ್ಯನ ಮಿತಿಗಳು' ಎಂಬ, ಪೈಲಟ್‌ನ ಮೈಮನಸ್ಸಿನ ಕುರಿತ ಪೇಪರಿಗೆ ಓದಲು ಶುರುಮಾಡಿದ ದಿನ ಬೆಳಿಗ್ಗೆ ಕ್ಯಾಪ್ಟನ್ ಅದನ್ನು ಒಬ್ಬರೇ ನೂಕಿ, ಅಡುಗೆಮನೆಯ ಆಚೆ ಮೂಲೆಗೆ ಸೇರಿಸಿದರು. ನೀರಿನ ಪೈಪು ತಂತಿಯ ಹಾಗೆ ಬಿಗಿಯಿತು. ಬಿಗಿದರೆ ಬಿಗಿಯಲಿ, ಎಟುಕಿತಲ್ಲ ಎಂದು ಸಮಾಧಾನಪಟ್ಟುಕೊಂಡು, ಟವೆಲ್ ನೇತುಹಾಕಿ, ಎಂಜಿನ್ನಿನ ಸದ್ದನ್ನೂ ನುಂಗಿಹಾಕುವ ತಮ್ಮ ವಿಮಾನದ ಹೆಡ್‌ಸೆಟ್ಟನ್ನು ಕಿವಿಗೆ ಏರಿಸಿ ಓದಲು ಕೂತರು. ಹೆಂಡತಿ ಮೆಷಿನ್ನಿಗೆ ಬಟ್ಟೆ ಹಾಕಿ, ಗುಂಡಿ ಒತ್ತಿ ಶಾಲೆಗೆ ಹೊರಟರು.

ಮೆಷಿನ್ನು ಒಂದು ಸುತ್ತು ಕುಣಿಯಿತು, ಎರಡು ಸುತ್ತು ಕುಣಿಯಿತು, ಮೂರನೆಯದಕ್ಕೆ ಪೈಪನ್ನೇ ಕಿತ್ತುಕೊಂಡಿತು.

ಮಾವ ಓಡಿಬಂದು ಮೆಷಿನ್ನು ಆರಿಸಿದರು. ಆದರೆ ನೀರು ಬರುತ್ತಿದ್ದದ್ದು ಗೋಡೆಯಿಂದ. ಅಲ್ಲಿದ್ದ ನಲ್ಲಿಯ ಹಿಡಿ ತುಕ್ಕು ತಿಂದು ಗಟ್ಟಿಯಾಗಿತ್ತು. ನೀರು ನಿಲ್ಲಬೇಕಾದರೆ ದೊಡ್ಡ ನಲ್ಲಿಯನ್ನೇ ತಿರುಗಿಸಬೇಕು. ದೊಡ್ಡ ನಲ್ಲಿ ಸಾಮಾನಿನ ಕೋಣೆಯ ಒಳಗೆ. ಕೋಣೆಯ ಬಾಗಿಲಲ್ಲಿ ಕೆಂಪು.

ಮಾವ ನಿಂತರು. ಇದು ಬೆಂಕಿಯಲ್ಲ, ಬೆಂಕಿಗೆ ತದ್ವಿರುದ್ಧ. ಸಿಗ್ನಲ್ ಕೆಂಪಿದ್ದರೆ ಡ್ರೈವರು ಗಾಡಿ ನಿಲ್ಲಿಸಿ ಸೀಟಿ ಹಾಕಬೇಕು, ಕಾಯಬೇಕು. ಎರಡು ಬೆರಳು ಬಾಯಿಗಿಟ್ಟು ಅವರು ಹಾಕಿದ ಸೀಟಿಗೆ ಬೀದಿಯ ನಾಯಿಗಳೆಲ್ಲ ಓಗೊಟ್ಟವು. ಒಳಗಿನಿಂದ ಉತ್ತರವಿಲ್ಲ. ಮಗಳಿಗೆ ಫೋನ್ ಮಾಡಿದರು, ತರಗತಿಯಲ್ಲಿದ್ದ ಆಕೆಯ ಫೋನು ಬಂದ್ ಆಗಿತ್ತು. ಕೊನೆಗೆ ಒಂದು ಚೀಟಿಯ ಮೇಲೆ, ಕಂಟ್ರೋಲ್ ರೂಮಿಗೆ ಸುದ್ದಿ ಕಳಿಸುವಷ್ಟೇ ಚುಟುಕಾಗಿ, 'ನೀರು' ಎಂದು ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದರು.

ಚೀಟಿ ಜಾರುತ್ತ ಬಂದು ಕ್ಯಾಪ್ಟನ್ನರ ಕುರ್ಚಿಯ ಕಾಲಿಗೆ ತಾಗಿತು. ಅವರು ಬಗ್ಗಿ ಎತ್ತಿಕೊಂಡು ಓದಿದರು. ಮಾತಿಗೆ ಎಷ್ಟು ಬದ್ಧರಾದ ಮನುಷ್ಯ, ಕುಡಿಯಲು ನೀರು ಬೇಕೇ ಎಂದು ಕೇಳುವುದಕ್ಕೂ ಬಾಯಿ ಬಿಡಲಿಲ್ಲವಲ್ಲ ಎಂದು ಮಾವನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಚೀಟಿಯ ಹಿಂದೆ 'ಈಗ ಬೇಡ, ಊಟದ ಹೊತ್ತಿಗೆ ಸಾಕು' ಎಂದು ಬರೆದು ಸಂದಿಯಲ್ಲಿ ವಾಪಸ್ ತಳ್ಳಿದರು.

ಬಾಗಿಲಾಚೆ ಮಾವ ಅದನ್ನು ಎರಡು ಸಲ ಓದಿದರು. ಅಳಿಯನಿಗೆ ವಿಷಯ ಗೊತ್ತಿದೆ, ಏನೋ ಲೆಕ್ಕಾಚಾರ ಇರಬೇಕು ಎಂದುಕೊಂಡು, ಪ್ಯಾಂಟು ಮಡಚಿಕೊಂಡು ಊಟದ ಮೇಜಿನ ಮೇಲೆ ಹತ್ತಿ ಕೂತರು.

ಒಳಗೆ ಓದು ರಂಗೇರಿತ್ತು. ಒತ್ತಡಕ್ಕೆ ಸಿಕ್ಕ ಮನುಷ್ಯನ ಕೈಕಾಲು ತಣ್ಣಗಾಗುತ್ತವೆ ಎಂದಿತ್ತು ಪುಸ್ತಕದಲ್ಲಿ. ಹೌದಲ್ಲ, ತಮ್ಮ ಕಾಲೂ ತಣ್ಣಗಾಗಿದೆ. ಇಷ್ಟು ಕರಾರುವಾಕ್ಕಾಗಿ ಬರೆದ ಪುಸ್ತಕ ಹಿಂದೆಂದೂ ಓದಿರಲಿಲ್ಲ ಎಂದು ಕ್ಯಾಪ್ಟನ್ ಆ ಸಾಲಿಗೆ ಅಡಿಗೆರೆ ಎಳೆದರು. ಕಾಲಡಿಗೆ ನೀರು ಬಂದರೂ ತಿಳಿಯದವನು ಎಂಬ ಬೈಗುಳಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರಮ್ಮ ಮೇಲೆ ಬಂದರು. ಅವರ ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಜಿನ ಮೇಲೆ ಕೂತಿದ್ದ ಮಾವನನ್ನು ಒಮ್ಮೆ ನೋಡಿ, ತಣ್ಣಗೆ ಹೇಳಿದರು: "ನಿಮ್ಮನೆ ನೀರು ನಮ್ಮನೆಗೆ ಬಂದಿದೆ. ವಾಪಸ್ ಕರ್ಕೊಳ್ತೀರಾ?"

ಮಾವ ಕೆಂಪು ಟವೆಲ್ಲಿನ ಕಡೆ ಬೆರಳು ತೋರಿಸಿದರು. ಟೈಲರಮ್ಮ ರೈಲ್ವೆಯಲ್ಲಿ ಕೆಲಸ ಮಾಡಿದವರಲ್ಲ. ಟವೆಲ್ ಎಳೆದು ಅದರಲ್ಲೇ ತಲೆ ಒರೆಸಿಕೊಂಡು ಬಾಗಿಲು ತೆಗೆದರು.

ತಮ್ಮ ಹಿಂದೆ ಯಾರೋ ನಿಂತ ನೆರಳು ಕಂಡು ಕ್ಯಾಪ್ಟನ್ ತಿರುಗದೆಯೇ, "ಊಟದ ಹೊತ್ತಿಗೆ ಸಾಕು ಅಂದ್ನಲ್ಲ ಮಾವ," ಎಂದರು. ಹೆಡ್‌ಸೆಟ್ ಕಿವಿಯಿಂದ ತಾನಾಗಿ ಮೇಲೆದ್ದಿತು. ಆಮೇಲೆ ನೀರಿನ ಸದ್ದು ಕೇಳಿತು, ಆಮೇಲೆ ಟೈಲರಮ್ಮನ ಮಾತು ಕೇಳಿತು. ಎರಡರಲ್ಲಿ ಯಾವುದು ಹೆಚ್ಚು ರಭಸವಾಗಿತ್ತೆಂದು ಅವರು ಇವತ್ತಿಗೂ ಹೇಳಲಾರರು.

ಹೆಂಡತಿ ಸಂಜೆ ಬಂದಾಗ ಮನೆ ಒಣಗುತ್ತಿತ್ತು, ಗಂಡ ಇನ್ನೂ ತೊಯ್ದಿದ್ದರು. ಆಕೆ ಬೈಯಲಿಲ್ಲ. ಗಂಡನನ್ನು ಕೆಳಗಿನ ಮನೆಗೆ ಕರೆದುಕೊಂಡು ಹೋದರು. ಟೈಲರಮ್ಮ ಶಾಲೆಯೊಂದಕ್ಕೆ ಹೊಲಿದು ಮಡಚಿಟ್ಟಿದ್ದ ಬಿಳಿ ಅಂಗಿಗಳ ರಾಶಿ ಒದ್ದೆಮುದ್ದೆಯಾಗಿ ಬಿದ್ದಿತ್ತು. ಮಾರನೆಯ ವಾರ ಒಪ್ಪಿಸಬೇಕಾದ ಮಾಲು.

ಅಂದಿನಿಂದ ಪ್ರತಿ ಸಂಜೆ ಕೆಳಗಿನ ಮನೆಯಲ್ಲಿ, ಹೆಗಲ ಮೇಲೆ ಕ್ಯಾಪ್ಟನ್ ಪದವಿಯ ನಾಲ್ಕು ಪಟ್ಟಿಯಿರುವ ಅಂಗಿ ತೊಟ್ಟು ಮೆರೆದಿದ್ದ ಮನುಷ್ಯ ಮಕ್ಕಳ ಅಂಗಿಗಳಿಗೆ ಇಸ್ತ್ರಿ ಹಾಕತೊಡಗಿದರು. ಪುಸ್ತಕ ಹಿಡಿಯಲು ಕೈ ಖಾಲಿ ಇಲ್ಲ. ಹೆಂಡತಿಯೇ ಪುಸ್ತಕ ಹಿಡಿದು ಪ್ರಶ್ನೆ ಕೇಳಿದರು, ಟೈಲರಮ್ಮ ನಡುವೆ ಕಾಲರ್ ಸರಿಯಿಲ್ಲ ಎಂದರು, ಮಾವ ಅರ್ಥವಾಗದ್ದಕ್ಕೆಲ್ಲ ಹಾಗೆಂದರೇನು ಎಂದು ಕೇಳಿದರು. ವಿವರಿಸಿ ಹೇಳುವಷ್ಟರಲ್ಲಿ ಕ್ಯಾಪ್ಟನ್ನರಿಗೇ ಅರ್ಥವಾಗತೊಡಗಿತು. ಮೌನದಲ್ಲಿ ಹತ್ತದ ವಿದ್ಯೆ ಗಲಾಟೆಯಲ್ಲಿ ಹತ್ತಿತು.

ಒಂದು ರಾತ್ರಿ ಊಟದ ನಡುವೆ ಅವರು ಮಾವನನ್ನು ಕೇಳಿಯೇಬಿಟ್ಟರು: "ಅಲ್ಲ ಮಾವ, ಬಾಗಿಲಿಗೆ ಚಿಲಕಾನೇ ಹಾಕಿರ್ಲಿಲ್ಲ. ತೆಗೀಬಾರದಿತ್ತಾ?"

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ತೆಗೀಬೇಕು ಅನ್ನಿಸ್ತು," ಎಂದರು. "ನೀವು ಹೇಳಿದ ರೀತಿಗೆ ಧೈರ್ಯ ಬರ್ಲಿಲ್ಲ."

ಕ್ಯಾಪ್ಟನ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಕಿರಿಯರು ಬಾಯಿ ಬಿಡಲು ಹೆದರುವ ಕಾಕ್‌ಪಿಟ್ಟೇ ಅತ್ಯಂತ ಅಪಾಯದ ಕಾಕ್‌ಪಿಟ್ಟು ಎಂದು ಆ ದಿನವಷ್ಟೇ ಓದಿದ್ದರು. ಮಾವ ಕಿರಿಯರಲ್ಲ ಎನ್ನುವುದು ಇನ್ನೂ ಚುಚ್ಚಿತು.

ಪೇಪರುಗಳು ಒಂದೊಂದಾಗಿ ಪಾಸಾದವು, ಫೇಲಾದದ್ದೂ ಸೇರಿ. ಬೇಸಿಗೆಗೆ ಮುನ್ನವೇ ಲೈಸೆನ್ಸ್ ಬಂತು, ಕುರ್ಚಿಯೂ ದಕ್ಕಿತು. ಮೊದಲ ದಿನ ವಿಮಾನದತ್ತ ನಡೆದ ಕ್ಯಾಪ್ಟನ್ನರ ಗತ್ತು ನೋಡಬೇಕಿತ್ತು. ಹೊಸದಾಗಿ ಸೇರಿದ ಸಹಪೈಲಟ್ ಹುಡುಗಿ ಚೀಲ ಎಳೆದುಕೊಂಡು ಹಿಂದೆ ಹಿಂದೆ ಓಡುತ್ತಿದ್ದಳು. ದಾರಿಯುದ್ದಕ್ಕೂ ಕ್ಯಾಪ್ಟನ್ನರ ಉಪದೇಶ. ಮೆಟ್ಟಿಲು ಹತ್ತಿ, ಕಾಕ್‌ಪಿಟ್ ಸೇರಿ, ಬೆಲ್ಟು ಬಿಗಿದುಕೊಂಡರೂ ಅದು ಮುಗಿಯಲಿಲ್ಲ. ತಾವು ದೊಡ್ಡವರು, ಅನುಭವಿಗಳು ಎಂದು ಸಂಕೋಚ ಬೇಡ. ಏನೇ ತಪ್ಪು ಕಂಡರೂ ತಕ್ಷಣ ಹೇಳಬೇಕು. ಅದನ್ನು ಕಲಿಯಲು ತಾವು ಎಷ್ಟು ಬೆಲೆ ತೆತ್ತಿದ್ದೇವೆಂದು ಅವಳಿಗೆ ಗೊತ್ತಿಲ್ಲ.

ಅವರು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ನಮ್ಮ ವಿಮಾನ ಪಕ್ಕದ್ದು."

ಕ್ಯಾಪ್ಟನ್ ಕಿಟಕಿಯಾಚೆ ನೋಡಿದರು. ಪಕ್ಕದ ವಿಮಾನದ ಮೆಟ್ಟಿಲ ಬಳಿ ಸಿಬ್ಬಂದಿ ಕೈಗಡಿಯಾರ ನೋಡಿಕೊಳ್ಳುತ್ತ ಇವರಿಗಾಗಿ ಕಾಯುತ್ತಿದ್ದರು.

"ಮತ್ತೆ ಆಗ್ಲೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಮಾತಾಡ್ತಾ ಇದ್ರಿ, ಸರ್."