ಕೋಕೋ ಗಿಡದ ಬೆಡಗು

ಬಾಗಿಲ ಮುಚ್ಚಿ ಓದ್ರಿ. ಇದು ನಿಮ್ಮ ಹೊಟ್ಟ್ಯಾಗೇ ಇರಬೇಕು, ಲಿಂಗದ ಆಣಿ ಅದ. ಓಣಿಗೆಲ್ಲ ಕಾಕು, ಅಂದ್ರ ಚಿಗವ್ವ, ಆದ ನಾ ಬರೇ ನಾಕು ಮಂದಿಗಿ ಹೇಳೀನಿ.

ನಮ್ಮ ಕಾಸಾರಶಿರಸ್ಯಾಗ ಬಾಜೂಮನಿ ಲಲಿತಾಬಾಯಿಯ ಹತ್ತೊಂಬತ್ತು ಕೋಕೋ ಗಿಡ ಮದುವಿ ಆಗದೇ ಬಸರಾಗ್ಯಾವ. ಇದು ಸರಕಾರಿ ಕಾಗದದಾಗಿನ ಮಾತು, ನನ್ನದಲ್ಲ.

ಚಾಕಲೇಟ್ ಆಗೋ ಗಿಡ ಅಂತ ಐದು ವರ್ಷದ ಹಿಂದ ನಿಲಂಗಾದ ಕೋಕೋ ವಂಶಾವಳಿ ಕಚೇರಿಯವರು ಪುಕಟ ಸಸಿ ಕೊಟ್ಟಿದ್ದರು. ಹೂವು ಭರಪೂರ, ಕಾಯಿ ಒಂದೂ ಇಲ್ಲ. ಲಲಿತಾಬಾಯಿ ಸೊಸಿ ಕಾಲ್ಗುಣ ಅಂದೆ ನಾ. ಆಗ ಹಂಗೇ ಕಾಣತಿತ್ತು. ಆಮ್ಯಾಲ ನೋಟಿಸ್ ಬಂತು: "ದೀಪಾವಳಿಯೊಳಗೆ ಕಾಯಿ ಕಚ್ಚದ ಗಿಡಗಳನ್ನು ನಿರ್ವಂಶವೆಂದು ಘೋಷಿಸಿ ಕಡಿಯಲಾಗುವುದು."

ಮಕ್ಕಳಂಗ ಸಾಕಿದ ಗಿಡ. ಲಲಿತಾಬಾಯಿ ರೊಟ್ಟಿ ಬಿಟ್ಟಳು. ಉದಗೀರ ಕಾಲೇಜಿನಾಗ ಗಿಡಗಳ ಪಾಠ ಹೇಳೋ ಮೀನಲ ಮೇಡಂನ ಕರಸಿದಳು.

"ಕೋಕೋದ ತವರು ಅಮೆಜಾನ್ ಹೊಳಿ ದಂಡಿ ಕಾಡು ರೀ," ಅಂದ್ರು ಮೇಡಂ. "ಅಲ್ಲಿ ಹತ್ತು ಕುಲ ಅವ. ನಿಮಗ ಕೊಟ್ಟಿದ್ದೆಲ್ಲಾ ಒಂದೇ ಗಿಡದ ಟೊಂಗಿಲಿಂದ ಕಸಿ ಕಟ್ಟಿದ್ದು. ಇಂಥಾ ಗಿಡ ತನ್ನ ಕುಲದ ಪರಾಗ ಒಲ್ಲೆ ಅಂತದ."

"ಅಂದ್ರ ಒಂದೇ ಬೆಡಗು!" ಅಂದೆ. ನಮ್ಮಾಗ ಬೆಡಗು ಅಂದ್ರ ಗೋತ್ರ ಇದ್ದಂಗ; ಒಂದೇ ಬೆಡಗಿನವರು ಅಣ್ಣ-ತಂಗಿ, ಮದುವಿ ಸೋಯರಿಕಿ ನಡೆಯಂಗಿಲ್ಲ. ಕಚೇರಿ ಮಂದಿಗಿ ಓದಿದ್ರೂ ತಿಳೀದದ್ದು ಗಿಡಕ್ಕ ಓದದೇ ತಿಳದಿತ್ತು.

ಲಲಿತಾಬಾಯಿ ಬ್ಯಾರೆ ಕುಲದ ಗಿಡಕ್ಕ ಅರ್ಜಿ ಹಾಕಿದಳು. ಕಚೇರಿಯ ವೈಜಿನಾಥ ಸಾಹೇಬರು ಚಷ್ಮಾ ಒರಸಿಕೊಂಡರು.

"ಸೋಯರಿಕಿ ಅಂದಮ್ಯಾಲ ಕಾಯ್ದೆ ಬಂತು, ಬಾಯಿ. ಹೆಣ್ಣಿಗಿ ಹದಿನೆಂಟು, ಗಂಡಿಗಿ ಇಪ್ಪತ್ತೊಂದು. ನಿಮ್ಮ ಗಿಡಕ್ಕ ಐದು. ಬಾಲವಿವಾಹ ಆಗತದ."

"ಮತ್ತ ದೀಪಾವಳಿಗಿ ಕಡೀತೀರಲ್ಲ?"

"ಕಡೀಲಿಕ್ಕ ವಯಸ್ಸಿನ ಶರತ್ತಿಲ್ರೀ."

ದಸರಾಕ್ಕ ನೋಡಿದರ ಹತ್ತೊಂಬತ್ತೂ ಗಿಡ ಕಾಯಿ ಕಚ್ಯಾವ! ಅಪ್ಪ ಯಾರು? ನಾ ಓಣಿಗೆಲ್ಲ ಕೇಳಿ ಬಂದೆ. ತನಿಖಿಗಿ ಬಂದ ಸಾಹೇಬರು ಪಂಚನಾಮಿ ಬರೆದರು: "ಅಪರಿಚಿತ ಗುಂಗಾಡು ಹುಳವೊಂದು ಅನ್ಯಕುಲದ ಪರಾಗವನ್ನು ಪರವಾನಗಿ ಇಲ್ಲದೆ ಸಾಗಿಸಿರುವುದು ಕಂಡುಬಂದಿದೆ." ಕಾಯಿ ಮಂಜೂರು. ಆದ್ರ ತಂದೆಯ ಹೆಸರಿನ ಖಾನೆ ಖಾಲಿ ಇದ್ದರ ಗಿಡಕ್ಕ ಕೊಡಲಿ ಬೀಳತದ.

ಮೀನಲ ಮೇಡಂ ಬೇಲಿ ಮ್ಯಾಲಿಂದ ನನ್ನ ಹಿತ್ತಲಕ್ಕ ಹಣಿಕಿ ಹಾಕಿದರು. ಬಚ್ಚಲ ಹಿಂದ ಒಂದು ಗಿಡ ಅದ, ಈ ವರ್ಷವೇ ಮೊದಲ ಸಲ ಹೂವು ಬಿಟ್ಟದ. ನಾಕು ವರ್ಷದ ಹಿಂದ ಮಗಳು ಮಂಗಳೂರ ಕಡಿಂದ ಏನೋ ಹಣ್ಣು ತಂದಿದ್ದಳು, ಚೀಪಿ ಬೀಜ ಉಗುಳಿದ್ದೆ. ಅದೇ ಕೋಕೋ ಅಂತ! ಬ್ಯಾರೆ ಬೆಡಗು ಅಂತ!

"ಗಂಡಿನ ಕಡಿ ಹಿರಿಯರು ಇಲ್ಲಿ ಸಹಿ ಮಾಡ್ರಿ," ಅಂದ್ರು ಸಾಹೇಬರು. ಓಣಿಯವರೆಲ್ಲ ಗೋಣು ಹಾಕಿದರು, ಹೌದು, ಕಾಯ್ದೆ ಪ್ರಕಾರ ಸರಿ ಅದ ಅಂತ. ಲಲಿತಾಬಾಯಿ ಗಿಡ ಅಪ್ಪಿಕೊಂಡು ನಿಂತಿದ್ದಳು. ಮಾಡಿದೆ, ಏನ್ ಮಾಡ್ತೀರಿ.

ಸಹಿ ಆರೋದ್ರಾಗ ಲಲಿತಾಬಾಯಿ ಎಲ್ಲರ ಮುಂದ ನನ್ನ ಮಾರಿಗೇ ಅಂದಳು: "ನನ್ನ ಸೊಸಿ ಕಾಲ್ಗುಣ ಮಾತಾಡಿದ ಕಾಕು ಈಗ ನನ್ನ ಬೀಗತಿ! ಹತ್ತೊಂಬತ್ತು ಬಸರಿಯರ ಸೀಮಂತ, ಕುಬಸ ಅದ. ಗಂಡಿನ ಕಡಿಯವರು ಹತ್ತೊಂಬತ್ತು ಹಸಿರು ಸೀರಿ ಯಾವಾಗ ತರತೀರಿ?"