ಹೊನ್ನಕಟ್ಟೆ ಸಂಘದ ಅತ್ಯುತ್ತಮ ಕಿಟಕಿ ಸೀಟು

ಹೊನ್ನಕಟ್ಟೆ ತೆಂಗು ಬೆಳೆಗಾರರ ಸಂಘದ ವಿಮಾನ ಅಧ್ಯಯನ ಪ್ರವಾಸದಲ್ಲಿ ಶ್ರೀಮತಿ ಕೆಂಚಮ್ಮನವರಿಗೆ ನೀಡಲಾದ ಕಿಟಕಿ ಸೀಟು ಎಲ್ಲ ರೀತಿಯಿಂದಲೂ ನಿಯಮಬದ್ಧವಾಗಿತ್ತು. ಸೀಟು ಆರಿಸಿದ ಉಪಸಮಿತಿಯ ವರದಿ ಬರೆದವನು ನಾನೇ ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಕಣಕಟ್ಟೆಯ ಆಚೆಗಿರುವ ನಮ್ಮೂರಿಂದ ಅರಸೀಕೆರೆಗೆ ಬಂದರೆ ಮಂಗಳೂರಿಗೆ ರೈಲು ಸಿಗುತ್ತದೆ. ಆದರೆ ರೈಲಿನಲ್ಲಿ ಹೋದರೆ ಅದು ಪ್ರಯಾಣವಾಗುತ್ತದೆಯೇ ಹೊರತು ಅಧ್ಯಯನವಾಗುವುದಿಲ್ಲ. ಆದ್ದರಿಂದ ಮೊದಲು ಬೆಂಗಳೂರಿಗೆ ಹೋಗಿ, ವಿಮಾನ ಹತ್ತಿ, ನಮ್ಮೂರಿನ ಪಕ್ಕದಲ್ಲೇ ಹಾರಿ, ಮಂಗಳೂರಿನ ತೆಂಗಿನಮರ ನೋಡಿಬರುವುದೆಂದು ತೀರ್ಮಾನವಾಯಿತು. ಒಬ್ಬ ಮಹಿಳಾ ಸದಸ್ಯೆ ಇರಲೇಬೇಕೆಂಬ ನಿಯಮದಿಂದ ಕೆಂಚಮ್ಮನ ಹೆಸರು ಸೇರಿತು.

ಕೆಂಚಮ್ಮನ ಗದ್ದೆ ಕೆರೆ ಏರಿಯ ಕೆಳಗಿದೆ. ಮೂರು ವರ್ಷದಿಂದ ತೂಬಿನಲ್ಲಿ ನೀರು ಬರುತ್ತಿಲ್ಲ. ಅಧ್ಯಕ್ಷ ಚನ್ನಬಸವಯ್ಯನವರ ತೋಟವೂ ಕಾರ್ಯದರ್ಶಿ ತಿಮ್ಮೇಶನ ತೋಟವೂ ವರ್ಷವರ್ಷ ಕೆರೆಯೊಳಕ್ಕೆ ಇಳಿಯುತ್ತಿವೆ ಎಂಬುದು ಆಕೆಯ ದೂರು. ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು.

“ಸರೀಗಾಯ್ತು ಬಿಡ್ರಪ್ಪ. ನನ್ನ ಕಿಟ್ಕಿ ತಾವ ಕೂರ್ಸಿ. ಮ್ಯಾಲಿಂದ ನೋಡುದ್ರೆ ಕೆರೆ ಎಷ್ಟೈತೆ, ತೋಟ ಎಷ್ಟೈತೆ ಗೊತ್ತಾಯ್ತದೆ. ನೋಡ್ಕಂಡ್ ಬಂದು ಸಾಕ್ಷಿ ಹೇಳ್ತೀನಿ.”

“ಅದಕ್ಕೇನಂತೆ ಕೆಂಚಮ್ಮ, ಇರೋದ್ರಲ್ಲೇ ಒಳ್ಳೇ ಸೀಟ್ ಕೊಡ್ಸಾಣ,” ಎಂದರು ಅಧ್ಯಕ್ಷರು. ಅಂದೇ ‘ಅತ್ಯುತ್ತಮ ಕಿಟಕಿ ಸೀಟು ಆಯ್ಕೆ ಉಪಸಮಿತಿ’ ರಚನೆಯಾಯಿತು.

ಉಪಸಮಿತಿಯು ಹಗರೆಯಿಂದ ಬೇಲೂರಿನವರೆಗೆ ಬಸ್ಸಿನ ಕಿಟಕಿ ಪಕ್ಕ ಕುಳಿತು ಪ್ರಯೋಗ ನಡೆಸಿತು. ಬಲಗಡೆ ಬಿಸಿಲು, ಎಡಗಡೆ ಧೂಳು. ಮುಂದಿನ ಸೀಟಿನವರು ಉಗಿದ ಎಲೆಅಡಿಕೆ ನನ್ನ ಅಂಗಿಗೇ ಬಿತ್ತು. ಹಳೇಬೀಡಿನ ಕೆರೆ ದಂಡೆಯಲ್ಲಿ ಊಟ ಮಾಡಿ, ನೀರನ್ನು ಬಹಳ ಹೊತ್ತು ನೋಡಿದರೆ ನಿದ್ದೆ ಬರುತ್ತದೆಂದು ದಾಖಲಿಸಿಕೊಂಡೆವು. ಕೊನೆಗೆ ವರದಿಯಲ್ಲಿ ಹೀಗೆ ಬರೆದೆ: ‘ಬಿಸಿಲು, ಧೂಳು, ಎಂಜಲು ಇವೆಲ್ಲವೂ ಕಿಟಕಿಯ ಮೂಲಕವೇ ಬರುತ್ತವೆ. ಆದಕಾರಣ ಕಿಟಕಿಯಿಲ್ಲದ ಕಿಟಕಿ ಸೀಟೇ ಅತ್ಯುತ್ತಮ.’ ಅಂಥದ್ದೊಂದು ವಿಮಾನದಲ್ಲಿ ನಿಜಕ್ಕೂ ಇದೆಯೆಂದು ತಿಮ್ಮೇಶ ಟಿಕೆಟ್ ಏಜೆಂಟನಿಂದ ಮೊದಲೇ ತಿಳಿದುಕೊಂಡಿದ್ದ.

ವಿಮಾನ ಮೇಲೇರಿತು. ಕೆಂಚಮ್ಮ ಪಕ್ಕದ ಗೋಡೆಯನ್ನು ಸವರಿ ನೋಡಿದಳು.

“ಕಿಟ್ಕಿ ಎಲ್ಲೈತೋ ತಿಮ್ಮೇಶ?”

“ಇದು ಕಿಟಕಿ ಸೀಟೇ ಕಣಮ್ಮ. ಅದ್ರಲ್ಲಿ ಕಿಟಕಿ ಇರ್ಲೇಬೇಕು ಅಂತ ಎಲ್ಲೂ ಬರ್ದಿಲ್ಲ.”

ಆಕೆ ಮುಂದಿನ ಸಾಲಿನ ಕಿಟಕಿಯತ್ತ ಬಗ್ಗಿದಳು. ಅಲ್ಲಿ ಅಧ್ಯಕ್ಷರು ಬಿಸಿಲು ತಡೆಯಲಾಗದೆಂದು ಕಿಟಕಿ ಮುಚ್ಚಿ ನಿದ್ದೆ ಮಾಡುತ್ತಿದ್ದರು. ಅಷ್ಟರಲ್ಲಿ ತಿಮ್ಮೇಶ ಒಂದು ನಮೂನೆ ತೆಗೆದು ಓದಿದ: ‘ಆಕಾಶದಿಂದ ಹೊನ್ನಕಟ್ಟೆ ಕೆರೆ ಕಂಡಿತೇ?’

“ಇಲ್ಲಿಂದ ಎಲ್ಲಿ ಕಾಣ್ತದಪ್ಪ?”

“ಕಾಣ್ಲಿಲ್ಲ ಅಂತ ಬರ್ಕೊಳ್ಲಾ?”

“ಸುಳ್ಳು ಯಾಕ್ ಹೇಳ್ಲಿ? ಕಾಣ್ಲಿಲ್ಲ.”

‘ಇಲ್ಲ’ ಎಂಬಲ್ಲಿ ಗುರುತು ಹಾಕಿ ಆಕೆಯ ಸಹಿ ಪಡೆಯಲಾಯಿತು.

ನನ್ನ ಸೀಟಿಗೆ ಕಿಟಕಿಯಿತ್ತು. ಕೆರೆ ಕಂಡಿತು. ಅಂಗೈಯಗಲದ ನೀರು, ಅದರ ಮೂರು ಕಡೆಯೂ ಆ ಇಬ್ಬರ ತೆಂಗು. ನನಗೆ ನಾಚಿಕೆಯಾಯಿತು. ಆದರೆ ನಮೂನೆಯಲ್ಲಿ ನಾಚಿಕೆಗೆ ಕಾಲಂ ಇರಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ.

ಮುಂದಿನ ಸಭೆಯಲ್ಲಿ ಠರಾವಾಯಿತು: ‘ದೂರುದಾರರೇ ಅತ್ಯುತ್ತಮ ಸೀಟಿನಲ್ಲಿ ಕುಳಿತಾಗಲೂ ಕೆರೆ ಕಂಡುಬಾರದ ಕಾರಣ ಸದರಿ ಕೆರೆ ಇರುವುದಿಲ್ಲ. ಇಲ್ಲದ ಕೆರೆಯನ್ನು ಒತ್ತುವರಿ ಮಾಡಲು ಬರುವುದಿಲ್ಲ.’ ಮೇಲಿನ ಕಚೇರಿಯ ಮೊಹರೂ ಬಿತ್ತು. ಕೆಂಚಮ್ಮನ ಗದ್ದೆ ಪಹಣಿಯಲ್ಲಿ ನೀರಾವರಿಯಿಲ್ಲದ ಖುಷ್ಕಿ ಜಮೀನಾಯಿತು.

ಮೊನ್ನೆ ಏರಿಯ ಮೇಲೆ ಫಲಕ ನಿಲ್ಲಿಸಿದ್ದಾರೆ: ‘ಇಲ್ಲಿ ಕೆರೆ ಇರುವುದಿಲ್ಲ. ಈಜುವುದು ಅಪಾಯ.’ ದನ ಹೊಡೆದುಕೊಂಡು ಬಂದವರು ಓದಿ, ತಲೆಯಾಡಿಸಿ, ಹಿಂದಿರುಗಿದರು. ಬಿಂದಿಗೆ ಹಿಡಿದು ಬಂದ ಕೆಂಚಮ್ಮನೂ ಓದುತ್ತ ನಿಂತಳು. ಫಲಕದ ಹಿಂದೆ ನೀರು ಹೊಳೆಯುತ್ತಿತ್ತು.

“ಏನ್ ಕೆಂಚಮ್ಮ, ನೀರು ತಗೊಳಲ್ವಾ?” ಎಂದೆ.

“ಎಲ್ಲೈತಪ್ಪ ನೀರು? ಸೈನ್ ಹಾಕ್ದೋಳು ನಾನೇ ಅಲ್ವಾ,” ಎಂದು ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮನೆಯ ಕಡೆ ಹೊರಟಳು.